ಮುತ್ಯಾಲಮ್ಮನ ಮುಂದೆ ತೂರಿದ ಮಣ್ಣು

ಅಕ್ಕಯ್ಯಮ್ಮ ಮತ್ತು ಮಗಳು ತಾಯಮ್ಮ ಎದುರುಬದುರು ಕೂತು ನೆನೆಹಾಕಿದ ಅವರೆಕಾಳು ಇದುಕುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಮನೆಯ ಯಜಮಾನ ಬೆಳಗಿನ ಜಾವದ ರೈಲಿಗೆ ಬಂಗಾರಪೇಟೆಯಲ್ಲಿ ಇಳಿದು ಎಂಟರ ಬಸ್ಸಿಗೆ ಊರು ಸೇರಬೇಕಿತ್ತು. ಈಗ ಹತ್ತಾಗಿತ್ತು.

ಅಕ್ಕಯ್ಯಮ್ಮನ ಗಂಡ ಕದಿರಪ್ಪ ಡೆಲ್ಲಿಗೆ ಹೋಗಿದ್ದ. ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದ ಮಗ ಸೀನಪ್ಪ ಸತ್ತು ಹನ್ನೊಂದು ತಿಂಗಳ ಮೇಲೆ ಸರ್ಕಾರ ಅವನ ಹೆಸರಿಗೆ ಶೌರ್ಯ ಪದಕ ಕೊಟ್ಟಿತ್ತು. ನೀನೂ ಬಾ ಎಂದು ಗಂಡ ಎಷ್ಟು ಕರೆದರೂ ಅಕ್ಕಯ್ಯಮ್ಮ ಸೊಂಟನೋವು ಅಂದುಬಿಟ್ಟಿದ್ದಳು. ಮಗನ ಪದಕ ಮುಟ್ಟಲು ಅವಳಿಗೆ ಮುಖವಿಲ್ಲ ಎಂಬ ನಿಜ ಗೊತ್ತಿದ್ದದ್ದು ತಾಯಮ್ಮನಿಗೆ.

ಸೀನಪ್ಪನ ಹೆಣದ ಪೆಟ್ಟಿಗೆ ತಂದ ಸಿಪಾಯಿಗಳು ಆವತ್ತೇ ಎಲ್ಲ ಹೇಳಿದ್ದರು. ಹೊಸದಾಗಿ ಸೇರಿದವರಿಗೆ ಸೀನಪ್ಪ ಕೈಬಾಂಬು ಎಸೆಯುವುದನ್ನು ಕಲಿಸುತ್ತಿದ್ದ. ಒಬ್ಬನ ಕೈಯಿಂದ ಬಾಂಬು ಜಾರಿ ಕಾಲ ಬುಡದಲ್ಲೇ ಬಿತ್ತು. ಸೀನಪ್ಪ ಅವನನ್ನು ಅಲ್ಲಿದ್ದ ತಡೆಗೋಡೆಯಾಚೆ ತಳ್ಳಿ, ತಾನು ಬಾಂಬಿನ ಮೇಲೆ ಬೋರಲು ಬಿದ್ದ. ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಅಕ್ಕಯ್ಯಮ್ಮ ಕೆರೆ ಕಟ್ಟೆಯ ಮುತ್ಯಾಲಮ್ಮನ ಗುಡಿ ಮುಂದೆ ತಲೆ ಬಿಚ್ಚಿ ನಿಂತು, ಹಿಡಿ ಮಣ್ಣು ತೆಗೆದು ತೂರಿದಳು.

"ನನ್ನ ಮಗನ್ನ ನುಂಗಿದೋನ ಮನ್ಯಾಗೆ ದೀಪ ಅಚ್ಚೋರು ಉಳೀಬಾರ್ದು ತಾಯಿ."

ಹಿಂದೆ ಬಂದಿದ್ದ ತಾಯಮ್ಮ ಅದನ್ನು ಕೇಳಿಸಿಕೊಂಡಿದ್ದಳು.

ಆಷಾಢದಲ್ಲಿ, ಬಾಂಬು ಕೈಜಾರಿಸಿದ್ದ ಆ ಹುಡುಗನ ಕಾಗದ ಬಂತು. ಮದನಪಲ್ಲಿ ಕಡೆಯವನು, ಓಬುಲೇಸು ಅಂತ ಹೆಸರು. ಊರಿನ ಮೇಷ್ಟ್ರು ಆ ತೆಲುಗು ಕಾಗದವನ್ನು ಓದಿ ಹೇಳಿದರು. ತಾಯಿ ಮೊದಲೇ ಇಲ್ಲ, ಈ ಬೇಸಿಗೆಯಲ್ಲಿ ಅಪ್ಪನೂ ಹಾವು ಕಚ್ಚಿ ತೀರಿಕೊಂಡ, ಮನೆಗೆ ಈಗ ತಾನೊಬ್ಬನೇ ಎಂದು ಬರೆದಿದ್ದ. ಮಗ ಜೀವ ಕೊಟ್ಟು ಉಳಿಸಿದವನನ್ನು ಆ ಮಗನ ಹೆತ್ತವಳ ಶಾಪವೇ ಕೊಲ್ಲುತ್ತಿದೆ. ಅಕ್ಕಯ್ಯಮ್ಮ ಗುಡಿಯ ಪೂಜೆ ಮಾಡುವ ಪೆದ್ದಮ್ಮನ ಹತ್ತಿರ ಓಡಿದಳು.

"ತೂರೋ ಮುಂದೆ ನನ್ನ ಕೇಳಿದ್ಯಾ? ಈಗ ಬಂದವ್ಳೆ," ಎಂದು ಪೆದ್ದಮ್ಮ ಮೊದಲು ಬೈದಳು. ಆಮೇಲೆ ದನಿ ತಗ್ಗಿಸಿದಳು. "ವಾಪಸ್ ತಗೊಳಾಕೆ ನಿನ್ನ ಕೈಲಿ ಆಗಲ್ಲ. ಆ ಉಡುಗನೇ ನನ್ನ ಬಿಟ್ಬಿಡು ತಾಯಿ ಅಂತ ಮುತ್ಯಾಲಮ್ಮನ್ನ ಬಾಯಿಬಿಟ್ಟು ಕೇಳ್ಬೇಕು. ಬೇರೆ ದಾರಿ ಇಲ್ಲ."

ಅವರೆಕಾಳು ಇದುಕುತ್ತಿದ್ದಂತೆಯೇ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಕದಿರಪ್ಪ ಬಂದ. ಅವನ ಹಿಂದೆ ಕಂಬಳಿ ಹೊದ್ದ ತೆಳ್ಳನೆಯ ಹುಡುಗ ಗೋಡೆ ಹಿಡಿದುಕೊಂಡು ಬಂದ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು.

"ಓಬುಲೇಸು. ರಜ ಆಕಿ ಡೆಲ್ಲಿಯಿಂದ ನನ್ನ ಬಿಡಾಕೆ ಬಂದವ್ನೆ," ಅಂದ ಕದಿರಪ್ಪ. "ಮದ್ರಾಸು ಬಿಟ್ಟಾಗ ಜ್ವರ ಸುರುವಾಯ್ತು. ಒಂದು ಚಾಪೆ ಆಸಮ್ಮಿ."

ಅಕ್ಕಯ್ಯಮ್ಮ ಚಾಪೆ ಹಾಸಿದಳು. ಹುಡುಗನ ಹಣೆ ಮುಟ್ಟಿದರೆ ಕಾದ ಹೆಂಚಿನಂತಿತ್ತು.

ಪದಕ ನೋಡಲು ಪಕ್ಕದ ಮನೆಯ ಅಮ್ಮಾಜಮ್ಮ ಆಗಲೇ ಬಂದು ನಿಂತಿದ್ದಳು. "ಚಿನ್ನದ್ದೇನಣ್ಣಾ? ನಮ್ಮನೆಯೋರು ಮೂವತ್ತು ವರ್ಷ ಚಾಂಪಿಯನ್ ರೀಫ್ಸ್‌ನಾಗೆ ಗಣಿಗಿಳಿದು ಚಿನ್ನ ಅಗೆದ್ರು, ಒಂದು ತಗಡು ಕೊಟ್ಟೋರಿಲ್ಲ."

"ನಿಮ್ಮನೆಯೋರು ಅಗೆದಿದ್ದಕ್ಕಿಂತ ನಿದ್ದೆ ಒಡೆದಿದ್ದೇ ಜಾಸ್ತಿ ಬಿಡು," ಅಂದ ಕದಿರಪ್ಪ. ನಗಲು ಹೋದವನು ಹೆಂಡತಿಯ ಮುಖ ನೋಡಿ ಪದಕದ ಡಬ್ಬಿಯನ್ನು ಜಗಲಿಯ ಮೇಲಿಟ್ಟ.

ಅದು ಅಲ್ಲೇ ಉಳಿಯಿತು. ಅಕ್ಕಯ್ಯಮ್ಮ ಅದನ್ನು ತೆರೆದೂ ನೋಡಲಿಲ್ಲ. ಹುಡುಗ ಮಲಗಲಿ ಎಂದು ಹೇಳಿ ಅಮ್ಮಾಜಮ್ಮನನ್ನು ಕಳಿಸಿ, ಬಾಗಿಲು ಹಾಕಿಕೊಂಡು ಚಾಪೆಯ ಪಕ್ಕ ಕೂತಳು. ಆ ಊರಲ್ಲಿ ಎಲ್ಲರಿಗೂ ತೆಲುಗು ಮಾತಾಡಲು ಬರುತ್ತಿತ್ತು. ಮಣ್ಣು ತೂರಿದ್ದನ್ನು, ಅಂದ ಮಾತನ್ನು, ಪೆದ್ದಮ್ಮ ಹೇಳಿದ್ದನ್ನು ಒಂದೂ ಬಿಡದೆ ತೆಲುಗಿನಲ್ಲೇ ಹೇಳಿದಳು. ಗಂಡ ಇದನ್ನೆಲ್ಲ ಕೇಳುತ್ತಿದ್ದದ್ದು ಇದೇ ಮೊದಲು. ಅವನು ಕಂಬಕ್ಕೆ ಒರಗಿದ.

"ನನಗೆ ಸಿಟ್ಟಿಲ್ಲಮ್ಮಾ," ಅಂದ ಓಬುಲೇಸು. "ಬೆವರಿಗೆ ನನ್ನ ಕೈ ಜಾರಿತು. ಅವರು ಹೋಗಿ ನಾನು ಉಳಿದದ್ದು ಯಾಕೆ ಅಂತ ನಾನೇ ದಿನಾ ದೇವರನ್ನು ಕೇಳ್ತೀನಿ. ನೀವು ಬೇಡಿಕೊಂಡದ್ದು ನ್ಯಾಯವಾಗೇ ಇದೆ."

ಅವನ ಕಾಗದ ಬಂದ ದಿನವೂ ಅಕ್ಕಯ್ಯಮ್ಮನಿಗೆ ಇಷ್ಟು ಭಯವಾಗಿರಲಿಲ್ಲ. ಈ ಹುಡುಗ ಬದುಕಿಸು ಅಂತ ಕೇಳುವವನಲ್ಲ ಎಂದು ಅವನ ಕಣ್ಣು ನೋಡಿದಾಗಲೇ ಗೊತ್ತಾಯಿತು.

"ಅವನು ನಿನ್ನನ್ನ ಸಾಯಾಕೆ ಉಳಿಸಲಿಲ್ಲ ಕಣಪ್ಪ," ಅಂದಳು.

ಓಬುಲೇಸು ಗೋಡೆ ಕಡೆ ಮಗ್ಗುಲಾದ. ಕಂಬಳಿಯೊಳಗೆ ಬೆನ್ನು ಅದುರುತ್ತಿತ್ತು. ತಾಯಮ್ಮ ನೀರಿನ ಚೊಂಬು ಹಿಡಿದು ಒಳಬಾಗಿಲಲ್ಲೇ ನಿಂತುಬಿಟ್ಟಿದ್ದಳು.

ಅಕ್ಕಯ್ಯಮ್ಮ ಹುಡುಗನ ಕಾಲಿನ ಮೇಲೆ ಕೈಯಿಟ್ಟಳು.

"ನನ್ನ ಬಿಟ್ಬಿಡು ತಾಯಿ ಅಂತ ಒಂದ್ಸಲ ಕೇಳಪ್ಪ."