ಈಗ, ಆಮೇಲೆ

ಪರದೆಯ ಮೇಲೆ ಮತ್ತೆ ಕಂಪನಿಯ ಚಿಹ್ನೆ ಮೂಡಿತು, ಚುಕ್ಕಿಗಳ ಉಂಗುರ ಗಿರಗಿರನೆ ತಿರುಗಿತು, ಇನ್ನೇನು ಸರಿಹೋಯಿತು ಎನ್ನುವಷ್ಟರಲ್ಲಿ ಎಲ್ಲವೂ ಕಪ್ಪಾಯಿತು. ಅವಳು ಗುಂಡಿಯ ಮೇಲಿನ ಹೆಬ್ಬೆರಳನ್ನು ತೆಗೆಯದೆ ಹಾಗೆಯೇ ನಿಂತಳು. ಮಂಚದ ಮೇಲೆ ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಗಂಡನ ಮುಖದೆದುರು, ಕಬ್ಬಿಣದ ತೋಳಿಗೆ ಬಿಗಿದಿದ್ದ ಆ ಕಂಪ್ಯೂಟರು ಅವರ ಮುಖವನ್ನೇ ಅವರಿಗೆ ಮಸುಕಾಗಿ ತೋರಿಸುತ್ತಿತ್ತು.

"ಏನ್ ಮಾಡಿದ್ಯೋ ಇದಕ್ಕೆ?" ಎಂದಳು, ಹಿಂತಿರುಗಿ ನೋಡದೆ.

ಬಾಗಿಲ ಬಳಿ ಅವಳ ತಮ್ಮ ನಿಂತಿದ್ದ. ಲಿಫ್ಟುಗಳ ರಿಪೇರಿ ಅವನ ಕಸುಬು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಭಾವನನ್ನು ಮಾತಾಡಿಸಿ ಹೋಗುವುದು ಅವನ ರೂಢಿ.

"ಅಕ್ಕಾ, ನಾನು ಮುಟ್ಟೇ ಇಲ್ಲ. ಅದರ ಪಕ್ಕದಲ್ಲಿ ಮೊಬೈಲ್ ಚಾರ್ಜಿಗೆ ಹಾಕ್ದೆ, ಅಷ್ಟೆ. ಭಾವ ಏನೋ ಓದ್ತಾ ಇದ್ರು. ಅಷ್ಟರಲ್ಲಿ ಅದೇ ಆಫ್ ಆಯ್ತು, ಅದೇ ಆನ್ ಆಯ್ತು."

"ಅದೇ ಆಗತ್ತಾ? ಅದಕ್ಕೇನು ಕೈಕಾಲು ಬಂದಿದ್ಯಾ?"

"ಲಿಫ್ಟಾಗಿದ್ರೆ ನಾನೇ ಮೇಲೆ ಹತ್ತಿ ನೋಡ್ತಿದ್ದೆ..."

"ನಿನ್ನ ತಮಾಷೆ ನಿನ್ನ ಲಿಫ್ಟಲ್ಲೇ ಇಟ್ಕೋ! ಚಿಕ್ಕೋನಿದ್ದಾಗಿಂದ ಮುಟ್ಟಿದ್ದೆಲ್ಲ ಮುರಿದ್ಯಲ್ಲ, ಸಾಲ್ಲಿಲ್ವಾ? ಈಗ ಇವರ ಬಾಯಿಗೇ ಕೈ ಹಾಕಿದ್ಯಾ?"

ಮಂಚದ ಮೇಲಿನ ಕಣ್ಣುಗಳು ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ರೆಪ್ಪೆ ಮುಚ್ಚಿದರೆ ಇಲ್ಲ, ದೃಷ್ಟಿ ಮೇಲೆತ್ತಿದರೆ ಹೌದು. ಯಂತ್ರವಿಲ್ಲದಾಗ ಆ ಮನೆಯಲ್ಲಿ ಉಳಿಯುವ ಭಾಷೆ ಅಷ್ಟೆ.

"ನೀರಾ?" ಎಂದಳು. ಇಲ್ಲ. "ಬೆನ್ನು ನೋಯ್ತಿದ್ಯಾ?" ಇಲ್ಲ. "ಗೊತ್ತು ಬಿಡಿ, ನಿಮಗೂ ಸಿಟ್ಟು ಬಂದಿದೆ." ಅವರು ರೆಪ್ಪೆಗಳನ್ನು ಬಿಗಿಯಾಗಿ ಮುಚ್ಚಿದರು. ಆದರೆ ಉತ್ತರ ನೋಡುವ ಮೊದಲೇ ಅವಳು ತಮ್ಮನ ಕಡೆ ತಿರುಗಿಯಾಗಿತ್ತು. "ಹೋಗು. ನನ್ನ ಕಣ್ಮುಂದೆ ನಿಲ್ಬೇಡ. ಇನ್ನು ಈ ಕಡೆ ಬರಲೇಬೇಡ."

ಅವನು ಚಾರ್ಜರನ್ನು ಕಿತ್ತು ಜೇಬಿಗೆ ತುರುಕಿಕೊಂಡ. "ಬರ್ತೀನಿ ಭಾವ" ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಬೀದಿಯವರಿಗೆಲ್ಲ ಅವರು ಪ್ರೂಫಿನವರು. ಔಷಧದ ಪೊಟ್ಟಣದೊಳಗಿನ ಚೀಟಿಯನ್ನೂ ಮೊದಲಿಂದ ಕೊನೆಯವರೆಗೆ ಓದದೆ ಮಾತ್ರೆ ನುಂಗಿದವರಲ್ಲ. ಅದರಲ್ಲೂ ಕೊನೆಯ ಸಾಲನ್ನು ಎರಡು ಸಲ ಓದುತ್ತಿದ್ದರು. ಓದುಗ ದಣಿಯುವುದು ಅಲ್ಲೇ, ತಪ್ಪು ಅಡಗಿ ಕೂರುವುದೂ ಅಲ್ಲೇ ಎಂಬುದು ಅವರ ನಂಬಿಕೆ. ಕಾಯಿಲೆ ಮೊದಲು ಬೆರಳುಗಳನ್ನು ಹಿಡಿಯಿತು. ನಾಲಿಗೆಗೆ ಬರುವ ಮುನ್ನ, ಮಾತಿನ ಡಾಕ್ಟರಮ್ಮನ ಸಲಹೆಯಂತೆ, ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕೂತು, ಗಂಟಲು ಒಣಗುವಷ್ಟು ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿದರು. ಅವುಗಳಿಂದ ಯಂತ್ರ ಅವರದೇ ದನಿಯನ್ನು ಕಟ್ಟಿತು. ಈಗ ಅವರು ಪರದೆಯ ಮೇಲಿನ ಅಕ್ಷರವೊಂದನ್ನು ಕೊಂಚ ಹೊತ್ತು ದಿಟ್ಟಿಸಿದರೆ ಸಾಕು, ಪರದೆಯ ಕೆಳಗಿನ ಕ್ಯಾಮೆರಾ ಅದನ್ನು ಒತ್ತಿದಂತೆ ಲೆಕ್ಕ ಹಿಡಿಯುತ್ತಿತ್ತು. ಒಂದೊಂದೇ ಅಕ್ಷರ ಕೂಡಿ ಮಾತಾಗುತ್ತಿತ್ತು. "ಲೇ, ನನ್ನ ಕನ್ನಡಕ ಎಲ್ಲಿಟ್ಟೆ?" ಎನ್ನುವಾಗ ಕೊನೆಯಲ್ಲಿ ಮೇಲೇರುವ ಆ ಹಳೆಯ ಗದರಿಕೆ ಕೂಡ ಹಾಗೇ ಇತ್ತು. ಬೆಳಗಿನ ಆ ಗದರಿಕೆ ಕೇಳಿದರೆ ಮಾತ್ರ ಅವಳಿಗೆ ಮನೆ ಮನೆಯಾಗಿರುತ್ತಿತ್ತು.

ಕಂಪನಿಯ ಸಹಾಯವಾಣಿ ಬಹಳ ಹೊತ್ತು ಸಂಗೀತ ಕೇಳಿಸಿತು. ಕೊನೆಗೊಬ್ಬ ಯುವಕ ಮಾತಿಗೆ ಸಿಕ್ಕ.

"ಹೊಸ ಡ್ರೈವರಿಂದ ಕೆಲವರಿಗೆ ಹೀಗಾಗಿದೆ ಮೇಡಂ. ಕಣ್ಣಿನ ಕ್ಯಾಮೆರಾನ ನಡೆಸೋ ತಂತ್ರಾಂಶ ಅದು. ಏನೂ ಚಿಂತೆ ಬೇಡ, ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದ್ರೆ ಸರಿ ಹೋಗತ್ತೆ."

"ಅಳಿಸೋದಾ? ನಮ್ಮನೆಯವರ ದನಿ ಅದರಲ್ಲಿದೆ ಕಣಪ್ಪ."

"ಅದು ಹೋಗತ್ತೆ ಮೇಡಂ. ಆದ್ರೆ ನಮ್ಮಲ್ಲಿ ಒಳ್ಳೊಳ್ಳೆ ದನಿಗಳಿವೆ. ನಿಮಗೆ ಇಷ್ಟವಾದ ಗಂಡಸಿನ ದನಿ ಆರಿಸ್ಕೋಬಹುದು."

"ನಂಗೆ ಬೇಕಾಗಿರೋದು ಗಂಡಸಿನ ದನಿ ಅಲ್ಲ, ಗಂಡನ ದನಿ!"

"ನಿಮ್ಮ ಅಭಿಪ್ರಾಯ ದಾಖಲಿಸ್ಕೋತೀನಿ ಮೇಡಂ" ಎಂದ ಅವನು. ಕೆಡಿಸಿದವರು ಕೆಡಿಸಿದ್ದನ್ನು ಒಪ್ಪಿಕೊಂಡು, ನಷ್ಟವನ್ನು ಮಾತ್ರ ನೊಂದವರ ಮಡಿಲಿಗೆ ಹಾಕಿ, ವಿನಯದಿಂದ ಶುಭದಿನ ಹಾರೈಸುವ ಈ ಕಾಲದ ಸೌಜನ್ಯಕ್ಕೆ ಏನೆನ್ನಬೇಕು! ಅವಳು ಫೋನಿಟ್ಟು, ಗಂಡ ಕೇಳಿಸಿಕೊಂಡರೇ ಎಂದು ಅತ್ತ ನೋಡಿದಳು. ಅವರ ಕಣ್ಣಂಚಿನಿಂದ ನೀರಿಳಿದು ಕಿವಿಯತ್ತ ಹೊರಟಿತ್ತು. ಸೆರಗಿನಿಂದ ಒರೆಸಿದಳು.

ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಫೋನು ತೆಗೆದೊಡನೆ ಕೇಳಿದ್ದು ಒಂದೇ ಪ್ರಶ್ನೆ. "ದನಿಯ ಪ್ರತಿ ತೆಗೆದಿಟ್ಟಿದೀರಾ?"

"ಇಲ್ಲಮ್ಮ. ಆಮೇಲೆ ತೆಗೆದ್ರಾಯ್ತು ಅಂತ..."

ಅತ್ತಲಿಂದ ಉಸಿರೊಂದು ಕೇಳಿಸಿತು, ಬೈಗುಳ ಬರಲಿಲ್ಲ. "ಸರಿ. ಅಳಿಸೋ ಮಾತು ಬೇಡ. ಹಳೇ ಡ್ರೈವರು ಅದರೊಳಗೇ ಇರಬೇಕು. ನಾವೇ ಹಿಂದಕ್ಕೆ ಹೋಗೋಣ. ಮನೇಲಿ ಕೀಬೋರ್ಡ್ ಇದ್ಯಾ?"

ಬೀರುವಿನ ಮೇಲಿಂದ ಇಳಿಸಿದಳು. ಬೆರಳು ಆಡುತ್ತಿದ್ದ ಕಾಲದಲ್ಲಿ ಅವರು ಒತ್ತಿ ಒತ್ತಿ ಅಕ್ಷರ ಸವೆದ ಕೀಬೋರ್ಡು. ತಂತಿ ಚುಚ್ಚಿದಳು.

"ಈಗ ಆನ್ ಮಾಡಿ. ಚುಕ್ಕಿ ತಿರುಗಿದ ತಕ್ಷಣ ಗುಂಡಿ ಒತ್ತಿ ಹಿಡಿದು ಆರಿಸಿಬಿಡಿ. ಮತ್ತೆ ಹಾಗೇ ಮಾಡಿ."

"ಉಸಿರಾಡೋಕೆ ಹೊರಟಿದ್ದರ ಕತ್ತು ಹಿಸುಕಿದ ಹಾಗಿದೆಯಮ್ಮ."

"ಹಿಸುಕಿ. ಆಗಲೇ ಅದಕ್ಕೆ ತಾನು ಕೆಟ್ಟಿದೀನಿ ಅಂತ ಗೊತ್ತಾಗೋದು."

ಹಿಸುಕಿದಳು. ಕೊನೆಗೆ ನೀಲಿ ಪರದೆಯೊಂದು ತೆರೆಯಿತು. ಎಲ್ಲಕ್ಕಿಂತ ಮೇಲೆ, ಎದ್ದು ಕಾಣುವಂತೆ, 'ನಿಮ್ಮ ಕಂಪ್ಯೂಟರನ್ನು ಹೊಸದಾಗಿಸಿ' ಎಂದಿತ್ತು. ಸರ್ವನಾಶಕ್ಕೆ ಎಷ್ಟು ಮುದ್ದಾದ ಹೆಸರು! ಡಾಕ್ಟರಮ್ಮ ಹೇಳಿದಂತೆ ಅದನ್ನು ದಾಟಿ, ಒಂದರೊಳಗೊಂದು ಅಡಗಿದ್ದ ಆಯ್ಕೆಗಳನ್ನು ತೆರೆಯುತ್ತ ಹೋದಳು. ಪರದೆಯ ನಾಲ್ಕು ಮೂಲೆಗಳಲ್ಲಿ 'ಸೇಫ್ ಮೋಡ್' ಎಂಬ ಬರಹ ಹೊತ್ತು ಕಂಪ್ಯೂಟರು ಅರೆಬರೆಯಾಗಿ ಎದ್ದು ಕೂತಿತು. ಕ್ಯಾಮೆರಾದ ಹೆಸರು ಸಿಕ್ಕಿತು.

"ಅಲ್ಲಿ 'ಹಿಂದಿನ ಡ್ರೈವರಿಗೆ ಮರಳಿ' ಅಂತ ಇರತ್ತೆ ನೋಡಿ. ಅದು ಮಸುಕಾಗಿದ್ರೆ..." ಡಾಕ್ಟರಮ್ಮ ತಡೆದರು. "ಮಸುಕಾಗಿದ್ರೆ ಹಳೇದು ಉಳಿದಿಲ್ಲ ಅಂತ. ಆಗ ನನಗೂ ಬೇರೆ ದಾರಿ ಗೊತ್ತಿಲ್ಲ."

ಅವಳ ಕಣ್ಣು ಮಂಜಾಗಿತ್ತು. ಪರದೆ ಮಸುಕೋ ತನ್ನ ಕಣ್ಣೇ ಮಸುಕೋ ತಿಳಿಯಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅಕ್ಷರಗಳು ಕಪ್ಪಗಿದ್ದವು.

ಒತ್ತಿದಳು. "ಅಮ್ಮಾ, ಯಾಕೆ ಹಿಂದಕ್ಕೆ ಹೋಗ್ತಿದೀರಿ, ಕಾರಣ ಕೊಡಿ ಅಂತ ಕೇಳ್ತಿದೆ! ಬೆಂಕಿ ಇಟ್ಟೋರೇ ಬಂದು ನೀರು ಯಾಕೆ ಹುಯ್ತಿದೀರಿ ಅಂದ ಹಾಗೆ!"

"ಏನಾದ್ರೂ ಒಂದು ಒತ್ತಿ, ಅದನ್ನ ಯಾರೂ ಓದಲ್ಲ. ಸರಿಹೋದ್ರೆ ಇವತ್ತೇ ದನಿಯ ಪ್ರತಿ ತೆಗೀರಿ, ಪೇಶೆಂಟ್ ಕಾಯ್ತಿದಾರೆ" ಎಂದು ಡಾಕ್ಟರಮ್ಮ ಫೋನಿಟ್ಟರು.

ಯಾವುದೋ ಒಂದು ಕಾರಣ ಒತ್ತಿ ಯಂತ್ರವನ್ನು ಮತ್ತೆ ಆನ್ ಮಾಡಿದಳು. ಚಿಹ್ನೆ ಮೂಡಿತು. ಉಂಗುರ ತಿರುಗಿತು. ಕಪ್ಪಾಯಿತು. ಅವಳು ಮಂಚದ ಅಂಚಿನಲ್ಲಿ ಕುಸಿದು ಗಂಡನ ಪಾದ ಹಿಡಿದುಕೊಂಡಳು. ತಣ್ಣಗಿತ್ತು. ಆಗ ಗೋಡೆಯ ಮೇಲೆ ತಿಳಿಬೆಳಕು ಬಿತ್ತು. ತಲೆಯೆತ್ತಿದರೆ ಅಕ್ಷರಮಾಲೆ ಪರದೆಯ ತುಂಬ ಹರಡಿತ್ತು, ಗಂಡನ ಕಣ್ಣುಗಳು ಆಗಲೇ ಅದರ ಮೇಲೆ ಓಡಾಡುತ್ತಿದ್ದವು.

"ನಾನೇ" ಎಂದಿತು ದನಿ. ಅವರದೇ ದನಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಅವನಲ್ಲ. ನಾನೇ." ಮತ್ತೆ ಅಕ್ಷರಗಳ ಮೇಲೆ ದೀರ್ಘ ಪಯಣ. "ನೋಟೀಸು ಬಂತು. ಓದಿದೆ. ಕೊನೇ ಸಾಲು ಎರಡು ಸಲ."

ಕೊನೆಯ ಸಾಲಿನಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು. ಹೊಸ ಆವೃತ್ತಿ ಹಾಕಿಕೊಳ್ಳಿ ಎನ್ನುವ ಆ ನೋಟೀಸನ್ನು ಅವಳೇ ಎಷ್ಟೋ ಸಲ ಬೆರಳಿನಿಂದ ಸರಿಸಿದ್ದಳು. ಅಲ್ಲಿ ಎರಡೇ ಗುಂಡಿಗಳು: 'ಈಗ', 'ಆಮೇಲೆ'. 'ಬೇಡ' ಎಂಬುದಕ್ಕೆ ಗುಂಡಿಯಿಲ್ಲ. ಎರಡನೇ ಸಲ ಓದುವಷ್ಟರಲ್ಲಿ ಅವರ ದೃಷ್ಟಿಯೇ 'ಈಗ' ಎಂಬುದನ್ನು ಒತ್ತಿಬಿಟ್ಟಿತ್ತು. ಬೇಡವೆನ್ನಲು ಜಾಗ ಬಿಡದವರು ಪಡೆಯುವ ಒಪ್ಪಿಗೆ ಎಂಥ ಒಪ್ಪಿಗೆ? ಅದೂ ಓದುವುದನ್ನೇ ಒಪ್ಪಿಗೆಯೆಂದು ಎಣಿಸುವ ಯಂತ್ರದಲ್ಲಿ!

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ರಾ?"

ಅವರು ದೃಷ್ಟಿ ಮೇಲೆತ್ತಿದರು. ಯಂತ್ರವಿದ್ದರೂ ಹಾಗೆಯೇ ಉತ್ತರಿಸಿದರು.

ಅವಳು ತಮ್ಮನ ನಂಬರು ಒತ್ತಿದಳು. ಅತ್ತ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. "ಅಕ್ಕಾ? ಸರಿ ಹೋಯ್ತಾ? ಭಾವ ಮಾತಾಡಿದ್ರಾ?"

ಅವಳು ಫೋನನ್ನು ಯಂತ್ರದ ಸ್ಪೀಕರಿನ ಬಳಿ ಹಿಡಿದಳು. "ಏನೋ ಲಿಫ್ಟು" ಎಂದು ದನಿ ಶುರುಮಾಡಿತು. ಮುಂದಿನ ಪದ ಅವರು ಕೂಡಿಸುತ್ತಿದ್ದಂತೆಯೇ ಪರದೆಯ ಕೆಳಮೂಲೆಯಿಂದ ಬಿಳಿಯ ಚೌಕವೊಂದು ಸದ್ದಿಲ್ಲದೆ ಮೇಲೆದ್ದು ಬಂತು. ಹೊಸ ಆವೃತ್ತಿ ಸಿದ್ಧವಾಗಿದೆ.

ಅವರು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡರು.

"ಭಾವ? ಹಲೋ, ಭಾವ?"

ಎಲ್ಲಿ ತಗುಲಿ ಏನು ಒತ್ತಿಹೋಗುವುದೋ ಎಂದು, ಅವಳು ಇನ್ನೊಂದು ಕೈಯನ್ನು ಪರದೆಗೆ ತಾಗಿಸದೆ, ಬೆರಳಗಲದ ದೂರದಲ್ಲಿ ಆ ಚೌಕಕ್ಕೆ ಅಂಗೈ ಅಡ್ಡ ಹಿಡಿದಳು. "ತೆಗೀರಿ ಕಣ್ಣು" ಎಂದಳು. ಅವರು ನಿಧಾನವಾಗಿ ರೆಪ್ಪೆ ತೆರೆದು, ಅವಳ ಹಸ್ತದ ಹಿಂಬದಿಯನ್ನು ಒಂದು ಗಳಿಗೆ ನೋಡಿ, ಅದರ ಅಂಚನ್ನು ಬಳಸಿಕೊಂಡು ಮುಂದಿನ ಅಕ್ಷರವನ್ನು ಹುಡುಕತೊಡಗಿದರು.