ನಾಲ್ಕನೇ ವಾರ್ಡಿನ ಹತ್ತೊಂಬತ್ತು

ಆಸ್ಪತ್ರೆಯಲ್ಲಿ ಎಲ್ಲರೂ ಆ ಹೆಡ್ ನರ್ಸನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳು ಎಲ್ಲಾದರೂ ಜಾರಿ ಬಿದ್ದರೆ ದಿನ, ವೇಳೆ, ವಾರ್ಡು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ತಿಂಗಳ ಕೊನೆಗೆ ವರದಿ ಕೊಡುವುದು ಅವಳ ಪಾಲಿನ ಕೆಲಸ. ಬರೆದಿಡುವುದಕ್ಕೇನೋ ಕಂಪ್ಯೂಟರು, ಎಣಿಸುವುದಕ್ಕೆ ಮಾತ್ರ ಬೆರಳು. ಪರದೆಗೆ ಅಡಿಪಟ್ಟಿ ಹಿಡಿದು ಒಂದೊಂದೇ ಸಾಲು ನೋಡುತ್ತ ಚೀಟಿಯಲ್ಲಿ ಗೀಟು ಹಾಕುತ್ತಿದ್ದಳು. ಒಂದು ತಿಂಗಳು ವಾರ್ಡುಗಳ ಅಂಕಿ ಕೂಡಿದರೆ ಹದಿನಾಲ್ಕು, ಕೆಳಗೆ ಬರೆದ ಮೊತ್ತ ಹದಿನೇಳು. ಸೂಪರಿಂಟೆಂಡೆಂಟ್ ಡಾಕ್ಟರು ಎರಡಕ್ಕೂ ಕೆಂಪು ಸುತ್ತು ಹಾಕಿ ಮಾತಿಲ್ಲದೆ ವಾಪಸು ಕಳಿಸಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಅವಳ ನಾದಿನಿ ಚಪ್ಪಲಿ ಕಾರ್ಖಾನೆಯೊಂದರ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವವಳು. ವಿಷಯ ತಿಳಿದು, ಭಾನುವಾರ ಊಟವಾದ ಮೇಲೆ ಮೇಜು ಒರೆಸಿ ದೊಡ್ಡಕ್ಕನ ಪಟ್ಟಿಯಿದ್ದ ಲ್ಯಾಪ್‌ಟಾಪ್ ತೆರೆದಳು. ಪಿವೋಟ್ ಟೇಬಲ್ ಎಂದರೆ ಹುಲಿ ಕರಡಿಯಲ್ಲ, ಒಂದೇ ರಾಶಿಯನ್ನು ಹೇಳಿದ ಹಾಗೆ ಗುಂಪು ಮಾಡಿ ಎಣಿಸಿಕೊಡುತ್ತದೆ ಅಷ್ಟೇ ಎಂದಳು. ಮೌಸನ್ನು ಮಾತ್ರ ತಾನು ಮುಟ್ಟಲಿಲ್ಲ. ದೊಡ್ಡಕ್ಕನೇ 'ವಾರ್ಡ್' ಎಂಬ ತಲೆಬರಹವನ್ನು ಎಳೆದು ಸಾಲುಗಳ ಜಾಗದಲ್ಲಿ ಬಿಟ್ಟಳು.

"ಇರೋದು ಆರು ವಾರ್ಡು. ಇದು ಹನ್ನೊಂದು ತೋರಿಸ್ತಿದೆಯಲ್ಲೇ?"

"ಅದಕ್ಕೆ ಸ್ವಂತ ಬುದ್ಧಿ ಇಲ್ಲ ಅತ್ತಿಗೆ. ನೀವು ಬರೆದಿದ್ದನ್ನೇ ತೋರಿಸುತ್ತೆ."

ನಿಜವೇ. ಒಂದು ಕಡೆ 'ವಾರ್ಡ್ 4', ಇನ್ನೊಂದು ಕಡೆ 'ನಾಲ್ಕನೇ ವಾರ್ಡ್', ಮತ್ತೊಂದು ಕಡೆ ಬರೀ 'ನಾಲ್ಕು'. ಆರು ತಿಂಗಳ ಪಟ್ಟಿಯಲ್ಲಿದ್ದ ವಾರ್ಡುಗಳ ಹೆಸರನ್ನೆಲ್ಲ ಒಂದೇ ತೆರನಾಗಿ ತಿದ್ದುವುದಕ್ಕೆ ಎರಡು ಭಾನುವಾರ ಹಿಡಿಯಿತು. ತಿದ್ದಿದರೂ ಟೇಬಲ್ ಬದಲಾಗದಿದ್ದಾಗ ದೊಡ್ಡಕ್ಕ ಅದಕ್ಕೆ ಶಾಪ ಹಾಕಿದಳು. ರಿಫ್ರೆಶ್ ಒತ್ತಬೇಕು ಎಂದು ನಾದಿನಿ ನೆನಪಿಸಿದಳು. ಕೊನೆಗೆ ಮೊತ್ತ ತಾಳೆಯಾಯಿತು.

ಕೈ ಪಳಗಿದ ಹುರುಪಿನಲ್ಲಿ ಅವಳು ವೇಳೆಯನ್ನೂ ಗಂಟೆಗಂಟೆಯಾಗಿ ಗುಂಪು ಮಾಡಿ ನೋಡಿದಳು. ಆ ಆರು ತಿಂಗಳಲ್ಲಿ ನಾಲ್ಕನೇ ವಾರ್ಡಿನಲ್ಲಿ ಬಿದ್ದವರು ಇಪ್ಪತ್ತೇಳು ಮಂದಿ. ಅವರಲ್ಲಿ ಹತ್ತೊಂಬತ್ತು ಮಂದಿ ಬಿದ್ದದ್ದು ಬೆಳಗಿನ ಐದರಿಂದ ಆರರೊಳಗೆ.

ಮಾರನೆಯ ದಿನ ಐದಕ್ಕೇ ಅಲ್ಲಿಗೆ ಹೋದಳು. ಬಚ್ಚಲಿಗೆ ಹೋಗುವ ಓಣಿಯ ನೆಲವನ್ನು ಆಯಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆಗಷ್ಟೇ ಎದ್ದ ಮುದುಕನೊಬ್ಬ ಗೋಡೆ ಹಿಡಿದು ಬರುತ್ತಿದ್ದ. ಅವನ ರಟ್ಟೆ ಹಿಡಿದು ದಾಟಿಸಿ ಬಂದು, ಇಷ್ಟು ಬೇಗ ಯಾಕೆ ಒರೆಸುತ್ತೀಯ ಎಂದು ಆಯಾಳನ್ನು ಕೇಳಿದಳು.

"ನೀವೇ ಹೇಳಿದ್ರಲ್ಲ ದೊಡ್ಡಕ್ಕ. ರೌಂಡ್ಸು ಈ ವಾರ್ಡಿಂದ ಶುರು, ಮೊದಲು ಇಲ್ಲೇ ಒರೆಸು ಅಂತ."

ಹೇಳಿದ್ದು ಹೌದು. ಡಾಕ್ಟರು ಬರುವ ಹೊತ್ತಿಗೆ ನೆಲ ಫಳಫಳ ಅನ್ನಬೇಕೆಂಬ ಹಟ ಅವಳದೇ. ಒರೆಸುವ ವೇಳೆಯನ್ನು ಆವತ್ತೇ, ರೋಗಿಗಳೆಲ್ಲ ಬಚ್ಚಲಿಗೆ ಹೋಗಿ ಬಂದಿರುವ ಏಳೂವರೆಗೆ ಬದಲಿಸಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ವರದಿಯಲ್ಲಿ ಟೇಬಲಿನ ಕೆಳಗೆ, ಕಾರಣ ಒದ್ದೆ ನೆಲ, ಆದೇಶ ನನ್ನದು ಎಂದು ಬರೆದು ತಾನೇ ಒಯ್ದು ಕೊಟ್ಟಳು.

ಡಾಕ್ಟರು ಎರಡು ಸಲ ಓದಿದರು. "ಕೊನೇ ಸಾಲು ಬೇಕಿತ್ತಾ?"

"ನನ್ನ ನಂತರ ಬರೋರು ಮತ್ತೆ ಐದಕ್ಕೆ ಒರೆಸೋಕೆ ಹೇಳಬಾರದಲ್ಲ ಸಾರ್."

ಅವರು ಸಹಿ ಹಾಕಿದರು.

ಆ ಹತ್ತೊಂಬತ್ತರಲ್ಲಿ ಒಬ್ಬಳು, ಸೊಂಟದ ಮೂಳೆ ಮುರಿದುಕೊಂಡ ದರ್ಜಿ ಹೆಂಗಸು, ಇನ್ನೂ ಮೇಲಿನ ಅಂತಸ್ತಿನಲ್ಲೇ ಮಲಗಿದ್ದಳು. ದೊಡ್ಡಕ್ಕ ಅವಳ ಮಂಚದ ಪಕ್ಕ ಸ್ಟೂಲ್ ಎಳೆದು ಕೂತು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ದರ್ಜಿ ದಿಂಬಿನ ಮೇಲೆ ತಲೆ ಹೊರಳಿಸಿ ಅವಳ ಕಡೆ ನೋಡಿದಳು.

"ಹಾಗಾದ್ರೆ ನನ್ನ ಕಾಲಿನ ತಪ್ಪಲ್ಲ," ಎಂದಳು. "ಇದನ್ನ ನನ್ನ ಮಗಳಿಗೂ ನೀವೇ ಹೇಳಿ. ಎರಡು ತಿಂಗಳಿಂದ, ನೋಡ್ಕೊಂಡು ನಡೀಬಾರದಿತ್ತಾ ಅಂತ ಒಂದೇ ಸಮ ಅಂತಿದಾಳೆ."

ಮಗಳು ಬರುವುದು ನಾಲ್ಕು ಗಂಟೆಗೆ. ದೊಡ್ಡಕ್ಕ ಅಲ್ಲೇ ಕೂತು ಕಾದಳು.