ಹೊಸ ಗೋಡೆಯ ಹಿಂದೆ

ಸುರಂಗದ ಬಾಗಿಲಿಗೆ ಬೀಗ ಹಾಕಿ ಬಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರ ಮೇಲೋ ಗೂಬೆ ಕೂರಿಸಿದಳು ಅನ್ನಿಸಿಕೊಳ್ಳುವುದು ಬೇಡ.

ನಮ್ಮ ಪ್ರಯೋಗಾಲಯದಲ್ಲಿ ಪ್ರೋಟಾನುಗಳನ್ನು ಓಡಿಸುವ ಯಂತ್ರವಿದೆ. ನೆಲದಡಿಯ ಸುರಂಗದುದ್ದಕ್ಕೂ ಒಂದು ಕೊಳವೆ, ಅದರ ಸುತ್ತ ಆಳೆತ್ತರದ ಅಯಸ್ಕಾಂತಗಳು. ಕೊಳವೆಯೊಳಗೆ ಗಾಳಿಯ ಸುಳಿವೂ ಇರಕೂಡದು. ಇದ್ದ ಪ್ರೋಟಾನುಗಳು ಸಾಲದೆ ವಿಜ್ಞಾನಿಗಳು ಒಂದೇ ಸಲಕ್ಕೆ ಎರಡು ಪಟ್ಟು ಬೇಕೆಂದು ಹಟ ಹಿಡಿದರು. ಅದಕ್ಕಾಗಿ ಎಂಟು ತಿಂಗಳು ಯಂತ್ರ ನಿಲ್ಲಿಸಿ ಬಹಳಷ್ಟನ್ನು ಬದಲಾಯಿಸಿದೆವು. ಪ್ರೋಟಾನು ಹೆಚ್ಚಾದರೆ ದಾರಿ ತಪ್ಪಿ ಕೊಳವೆಗೆ ಬಡಿಯುವವೂ ಹೆಚ್ಚು. ಅವು ಬಡಿಯುವ ಜಾಗದಲ್ಲಿ ವಿಕಿರಣ ತಡೆಯಲು ಕಾಂಕ್ರೀಟಿನ ದಪ್ಪ ಗೋಡೆಯೊಂದನ್ನು ಹೊಸದಾಗಿ ಎಬ್ಬಿಸಿದರು. ಪ್ರೋಟಾನುಗಳ ಕಿರಣ ಹರಿಯುವಾಗ ಸುರಂಗದಲ್ಲಿ ಮನುಷ್ಯನಿದ್ದರೆ ಅವನ ಕಥೆ ಮುಗಿದಂತೆ. ಮೊದಲೂ ಹಾಗೇ ಇತ್ತು, ಈಗ ಇನ್ನೂ ಬೇಗ.

ಅದಕ್ಕೇ ಅಷ್ಟು ಕಟ್ಟುನಿಟ್ಟು. ಒಳಗೆ ಹೋಗುವವರೆಲ್ಲ ಬಾಗಿಲ ಬಳಿಯ ಹಲಗೆಯಿಂದ ಒಂದೊಂದು ಕೀ ತೆಗೆದುಕೊಳ್ಳಬೇಕು. ಎಲ್ಲ ಕೀಗಳೂ ವಾಪಸು ಬಂದು ಕೂತರೆ ಮಾತ್ರ ಯಂತ್ರ ಶುರುವಾಗುತ್ತದೆ. ಅದರ ಮೇಲೆ ಒಬ್ಬರು ಸುರಂಗವಿಡೀ ನಡೆದು, ಕೂಗಿ, ಗೋಡೆಯ ಒಂಬತ್ತು ಗುಂಡಿಗಳನ್ನು ಒತ್ತಿ, ಯಾರೂ ಇಲ್ಲವೆಂದು ಖಾತ್ರಿ ಮಾಡಬೇಕು. ಕೊನೆಗೆ ಎರಡು ನಿಮಿಷ ಸೈರನ್ ಕೂಗುತ್ತದೆ, ಕೆಂಪು ದೀಪ ಮಿನುಗುತ್ತದೆ. ಅಷ್ಟಾದರೂ ಒಳಗೆ ಉಳಿದವರು ಅಲ್ಲಿರುವ ತುರ್ತು ಗುಂಡಿ ಒತ್ತಿ ಜೀವ ಉಳಿಸಿಕೊಳ್ಳಬಹುದು.

ಆ ಬೆಳಿಗ್ಗೆ ನಡೆದವಳು ನಾನು. "ಯಾರಾದ್ರೂ ಇದ್ದೀರಾ?" ಎಂದು ಗಂಟಲು ಹರಿದುಕೊಂಡೆ. ಒಂಬತ್ತೂ ಗುಂಡಿ ಒತ್ತಿದೆ. ಹೊಸ ಗೋಡೆಯ ಹಿಂದೆ ಒಬ್ಬರು ಮಂಡಿಯೂರಿ ಕೂರುವಷ್ಟು ಸಂದಿ ಉಳಿದಿತ್ತು. ಆದರೆ ನನ್ನ ಕೈಯಲ್ಲಿದ್ದ, ನೋಡಬೇಕಾದ ಜಾಗಗಳ ಪಟ್ಟಿ ಗೋಡೆ ಕಟ್ಟುವ ಮುಂಚಿನದು. ಪಟ್ಟಿಯಲ್ಲಿಲ್ಲದ ಸಂದಿಗೆ ನಾನು ಇಣುಕಲಿಲ್ಲ. ಕೂಗಿದ್ದೇನಲ್ಲ, ಇದ್ದವರು ಓಗೊಡುತ್ತಾರೆ ಅಂದುಕೊಂಡೆ.

ಓಗೊಡಲಾಗದವನೊಬ್ಬ ನಮ್ಮಲ್ಲಿದ್ದಾನೆಂಬುದು ಇಡೀ ಪ್ರಯೋಗಾಲಯದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವನು ನನ್ನ ಒಡಹುಟ್ಟಿದ ಅಣ್ಣ.

ಇಪ್ಪತ್ತಾರು ವರ್ಷ ಅಣ್ಣ ಕೊಳವೆಯ ಗಾಳಿ ಹೀರುವ ಪಂಪುಗಳ ಪಕ್ಕದಲ್ಲೇ ಕಳೆದ. ಅವನ ಕಿವಿ ಯಾವಾಗ ಹೋಯಿತೆಂದು ಅವನಿಗೇ ತಿಳಿಯದು. ಅತ್ತಿಗೆಯಂತೂ ಇದನ್ನು ಗಂಡಸಿನ ಕೊಬ್ಬು ಎಂದೇ ತಿಳಿದಿದ್ದಳು. "ನಿಮ್ಮಣ್ಣಂಗೆ ಏನ್ ಹೇಳಿದ್ರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಕಣೇ" ಎಂದು ನನ್ನ ಹತ್ತಿರ ದೂರುತ್ತಿದ್ದಳು. ಕಿವಿ ಕೇಳದವರನ್ನು ಸುರಂಗಕ್ಕೆ ಬಿಡುವುದಿಲ್ಲ, ಉಗ್ರಾಣಕ್ಕೆ ಹಾಕುತ್ತಾರೆ. "ಅಲ್ಲಿ ಬೋಲ್ಟು ಎಣಿಸ್ಕೊಂಡು ಕೂತ್ರೆ ನಾನು ಬದುಕಿದ್ದೂ ಸತ್ತ ಹಾಗೇ" ಎಂದು ಅಣ್ಣ ಒಂದು ದಿನ ನನ್ನ ಕೈ ಹಿಡಿದುಕೊಂಡ. ನನಗೆ ಈ ಕೆಲಸ ಕಲಿಸಿದ ಕೈ ಅದು. ನಾನು ಕರಗಿಹೋದೆ.

ಹೋದ ವರ್ಷದ ಕಿವಿ ಪರೀಕ್ಷೆಗೆ ಅವನ ಕಾಗದ ತುಂಬಿಸುವ ನೆಪದಲ್ಲಿ ನಾನೂ ಹೋಗಿ ನರ್ಸಿನ ಪಕ್ಕ ಕೂತೆ. ಅವಳು ಗುಂಡಿ ಒತ್ತಿ ಸದ್ದು ಕಳಿಸಿದಾಗಲೆಲ್ಲ ನಾನು ಮೂಗು ತುರಿಸಿಕೊಂಡೆ. ಗಾಜಿನಾಚೆ ಅಣ್ಣ ಕೈಯೆತ್ತಿದ. "ನಿಮಗೆ ನೆಗಡಿಯಾ?" ಎಂದು ನರ್ಸು ಕೇಳಿದಳು. ಮನೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ಅದೇ ರೂಢಿಯಾಯಿತು. ಯಾರಾದರೂ ಏನಾದರೂ ಕೇಳಿದರೆ ಅಣ್ಣ ಮೊದಲು ನನ್ನತ್ತ ನೋಡುತ್ತಾನೆ. ನಾನು ಸದ್ದಿಲ್ಲದೆ ತುಟಿಯಾಡಿಸಿ ಪ್ರಶ್ನೆಯನ್ನು ಅವನಿಗೆ ದಾಟಿಸುತ್ತೇನೆ. ಆಮೇಲೆ ಅವನು ಉತ್ತರ ಕೊಡುತ್ತಾನೆ. ಯೋಚಿಸಿ ಮಾತಾಡುವ ಮನುಷ್ಯ ಎಂದು ಅವನಿಗೆ ಒಳ್ಳೆಯ ಹೆಸರೂ ಬಂದಿತ್ತು.

ಬೀಗ ಹಾಕಿ ನಾನು ನಿಯಂತ್ರಣ ಕೊಠಡಿಗೆ ಬಂದಾಗ ಹನ್ನೊಂದು ಹೊಡೆದಿತ್ತು. ಎರಡು ಪಟ್ಟು ಕಿರಣದ ಮೊದಲ ಓಟ. ಕುರ್ಚಿ ಸಾಲದೆ ದೊಡ್ಡವರೆಲ್ಲ ಗೋಡೆಗೊರಗಿ ನಿಂತಿದ್ದರು. ನಮ್ಮ ಮೇಲಧಿಕಾರಿ ಕೈಗಡಿಯಾರ ನೋಡುತ್ತಿದ್ದರು. ಅವರಿಗೆ ನಾವಿಟ್ಟ ಹೆಸರೇ ಗಡಿಯಾರ. ಅವಸರವೇ ಅಪಘಾತಕ್ಕೆ ಕಾರಣ ಎಂಬ ಫಲಕದ ಕೆಳಗೇ ನಿಂತು, "ಬೇಗ ಬೇಗ" ಎನ್ನುತ್ತಿದ್ದರು.

"ಕೀ ಎಲ್ಲಾ ಬಂದ್ವಾ?"

"ಬಂದ್ವು ಸಾರ್."

"ಸೈರನ್ ಹಾಕಿ."

ಹಾಕಿದರು. ಎರಡು ನಿಮಿಷದ ಲೆಕ್ಕ ಪರದೆಯ ಮೇಲೆ ಇಳಿಯತೊಡಗಿತು. ನನ್ನ ಪಾಲಿಗಿದ್ದದ್ದು ಪಕ್ಕದ ಪರದೆ. ಕೊಳವೆಯ ಯಾವ ಭಾಗದಲ್ಲಿ ಎಷ್ಟು ಗಾಳಿ ಉಳಿದಿದೆಯೆಂದು ಅದು ತೋರಿಸುತ್ತದೆ. ಹೊಸ ಗೋಡೆಯ ಜಾಗದ ಅಂಕಿ ಬೆಳಗಿನಿಂದ ಕೊಂಚ ಹೆಚ್ಚಿಗೆ ಇತ್ತು, ಎಲ್ಲೋ ಕೂದಲೆಳೆಯಷ್ಟು ಸೋರಿಕೆ. ಪರವಾಗಿಲ್ಲ, ಓಡಿಸಬಹುದು ಎಂದಿದ್ದರು.

ಈಗ ಆ ಅಂಕಿ ಇಳಿಯಿತು.

"ನೋಡ್ರಿ, ತಾನಾಗೇ ಸರಿಹೋಗ್ತಿದೆ" ಎಂದು ಗಡಿಯಾರ ನನ್ನ ಹೆಗಲ ಮೇಲಿಂದ ನೋಡಿ ಹಿಗ್ಗಿದರು.

ಅಂಕಿ ನಿಂತಿತು. ಹತ್ತು ಎಣಿಸುವಷ್ಟು ಹೊತ್ತು ಅಲ್ಲಾಡಲಿಲ್ಲ. ಮತ್ತೆ ಒಂದು ಮೆಟ್ಟಿಲು ಇಳಿಯಿತು. ಮತ್ತೆ ನಿಂತಿತು.

ಪಂಪು ಗಾಳಿ ಹೀರಿದರೆ ಅಂಕಿ ಜಾರುತ್ತಾ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಯಾರೋ ಬೋಲ್ಟು ಬಿಗಿಯುವಾಗ. ಒಂದು ಬೋಲ್ಟು, ಹತ್ತು ಎಣಿಕೆ, ಅದರ ಎದುರಿನ ಬೋಲ್ಟು. ಹೀಗೆ ಎಣಿಸಿ ಬಿಗಿಯುವವನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ನನಗೆ ಎಣಿಸಲು ಕಲಿಸಿದವನೂ ಅವನೇ.

ಪರದೆಯಲ್ಲಿ ಒಂದು ನಿಮಿಷ ಹತ್ತು ಸೆಕೆಂಡು ಉಳಿದಿತ್ತು.

ಕೂಡಲೇ ಕೂಗಿಕೊಂಡೆ ಎಂದು ಹೇಳುವ ಆಸೆ ನನಗಿದೆ. ಕೂಗಲಿಲ್ಲ. ಕೀಗಳೆಲ್ಲ ಬಂದಿವೆಯಲ್ಲ, ಹೇಗಿದ್ದಾನು ಅಂದುಕೊಂಡೆ. ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ಸೈರನ್ ಕೇಳಿಸದ ಮನುಷ್ಯನ ಸುದ್ದಿ ಹೊರಬೀಳುತ್ತದೆ, ಆಮೇಲೆ ಅಣ್ಣ ಉಗ್ರಾಣ ಸೇರುತ್ತಾನೆ ಎಂದೂ ಅಂದುಕೊಂಡೆ. ಇಷ್ಟನ್ನೂ ಯೋಚಿಸುವಷ್ಟರಲ್ಲಿ ಅಂಕಿ ಇನ್ನೊಂದು ಮೆಟ್ಟಿಲು ಇಳಿಯಿತು. ಆ ಯೋಚನೆಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಬಾಗಿಲಲ್ಲಿ ವೈರ್‌ಮನ್ ನಿಂತಿದ್ದ. ಅಣ್ಣನ ಜೊತೆ ಒಳಗೆ ಹೋಗಿದ್ದವನು.

"ಅಣ್ಣ ಎಲ್ಲಿ?" ಎಂದೆ.

"ನನ್ನ ಹಿಂದೇನೇ ಬಂದ್ನಲ್ಲ. ಅವನ ಕೀನೂ ನಾನೇ ತಂದು ಹಾಕ್ದೆ."

"ಅವನು ಬರೋದು ನೀನು ನೋಡಿದ್ಯಾ?"

ವೈರ್‌ಮನ್ ತಿರುಗಿ ಬಾಗಿಲಾಚೆ ನೋಡಿದ. ಒಬ್ಬರು ಮೇಲೆ ಬರುವಾಗ ಇನ್ನೊಬ್ಬರ ಕೀಯನ್ನೂ ತರುವುದು ನಮ್ಮೆಲ್ಲರ ಚಾಳಿ. ನಾನೂ ಎಷ್ಟೋ ಸಲ ತಂದಿದ್ದೇನೆ. ಅವನ ಮುಖ ಬಿಳಿಚಿಕೊಂಡಿತು.

ನಾನು ಮೇಜಿನ ಮೇಲೆ ಬಿದ್ದು ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ಎರಡೂ ಅಂಗೈಗಳಿಂದ ಒತ್ತಿದೆ. ಇಪ್ಪತ್ತೆರಡು ಸೆಕೆಂಡು ಬಾಕಿಯಿತ್ತು. ಸೈರನ್ ನಿಂತಿತು, ಪರದೆಗಳೆಲ್ಲ ಒಮ್ಮೆಗೇ ಕೆಂಪಾದವು.

"ಏನ್ರೀ ಮಾಡಿದ್ರಿ?" ಎಂದು ಗಡಿಯಾರ ಅರಚಿದರು.

"ಒಳಗೆ ಮನುಷ್ಯ ಇದ್ದಾನೆ."



ಬೀಗ ತೆಗೆದು ನಾನು ಓಡಿದೆ, ಗಡಿಯಾರ ಏದುಸಿರು ಬಿಡುತ್ತಾ ಹಿಂದೆ ಬಂದರು. ಬೆಳಿಗ್ಗೆ ಕೂಗುತ್ತಾ ನಡೆದ ದಾರಿಯೇ. ಈಗ ಕೂಗಲೂ ಭಯವಾಯಿತು, ಉತ್ತರ ಬರುವುದಿಲ್ಲವೆಂದು ಗೊತ್ತಿತ್ತಲ್ಲ. ಹೊಸ ಗೋಡೆಯನ್ನು ಬಳಸಿ ಸಂದಿಗೆ ಬಗ್ಗಿದೆ.

ಅಣ್ಣ ನಮಗೆ ಬೆನ್ನು ಮಾಡಿ, ಮಂಡಿಯೂರಿ ಕೂತಿದ್ದ. ಗೋಡೆ ಅವನ ಪಾಲಿನ ಕೆಂಪು ದೀಪವನ್ನು ಪೂರ್ತಿ ಮರೆಮಾಡಿತ್ತು. ಗಟ್ಟಿಯಾಗಿ ಎಣಿಸುತ್ತಿದ್ದ. ಎಂಟು, ಒಂಬತ್ತು, ಹತ್ತು. ಸ್ಪಾನರ್ ತಿರುಗಿಸಿದ. ನಾನು ಹೆಗಲು ಮುಟ್ಟಿದೆ.

ಬೆಚ್ಚಿ ತಿರುಗಿದವನು ನನ್ನನ್ನು ಕಂಡು ನಕ್ಕ. "ಹೊರಟಿದ್ದೆ ಕಣೇ. ಇದೊಂದು ಸೋರ್ತಿತ್ತು, ಮನಸ್ಸು ತಡೀಲಿಲ್ಲ, ವಾಪಸ್ ಬಂದೆ. ನಿನ್ನ ಪರದೇಲಿ ಇಳೀತಾ?"

"ಇಳೀತು" ಎಂದೆ.

"ಸೈರನ್ ಕೇಳಿಸ್ಲಿಲ್ವೇನ್ರಿ ನಿಮಗೆ?" ನನ್ನ ಹಿಂದೆ ಕತ್ತಲಲ್ಲಿ ನಿಂತ ಗಡಿಯಾರ ಕೇಳಿದರು.

ಅಣ್ಣ ಉಪಕರಣಗಳನ್ನು ಚೀಲಕ್ಕೆ ಹಾಕುತ್ತಿದ್ದ.

"ನಿಮ್ಮನ್ನೇ ಕೇಳ್ತಿರೋದು. ಎರಡು ನಿಮಿಷ ಕೂಗಿದೆ. ಕೇಳಿಸ್ಲಿಲ್ವಾ?"

ನನ್ನ ಮುಖ ನೋಡಿ ಯಾರೋ ಏನೋ ಕೇಳಿದರೆಂದು ಅಣ್ಣನಿಗೆ ಹೊಳೆಯಿತು. ಎಂದಿನಂತೆ ನನ್ನ ತುಟಿಗಳನ್ನು ನೋಡಿದ. ನಾನು ಒಂದು ಮಾತು ದಾಟಿಸಿದರೆ ಸಾಕಿತ್ತು. ಕೇಳಿಸ್ತು ಸಾರ್, ಗುಂಡಿ ಒತ್ತೋಕೇ ಏಳ್ತಿದ್ದೆ ಎನ್ನುತ್ತಿದ್ದ. ಆ ಉತ್ತರವೂ ನನಗೆ ಗೊತ್ತಿತ್ತು. ಗಡಿಯಾರ ನಂಬಿಯೂ ಬಿಡುತ್ತಿದ್ದರು.

ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಅಣ್ಣ ಕಾದ. ಕೈ ತೆಗೆಯುತ್ತಾಳೆಂದು ಇನ್ನೂ ಸ್ವಲ್ಪ ಕಾದ. ಆಮೇಲೆ ಅವನ ಮುಖದ ನಗು ಹೋಯಿತು. ಸ್ಪಾನರನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ಚೀಲಕ್ಕೆ ಹಾಕದೆ, ನನ್ನ ಇನ್ನೊಂದು ಕೈಗೆ ಕೊಟ್ಟ.